ಕೈಯ ತೊದಲು

ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದವಳಿಗೆ ಜನ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇಲ್ಲ. ಸಂತೆಗೆ ಹೋಗಿ "ಟೊಮೆಟೊ ಹೇಗಪ್ಪಾ?" ಎಂದರೆ ಸಾಕು, ಅಂಗಡಿಯವನು ತಲೆ ಎತ್ತಿ, "ಯಾವ ಪ್ಲಾಟ್‌ಫಾರ್ಮಿಗೆ ಬರ್ಬೇಕು ಅಂತ ನೀವೇ ಹೇಳಿಬಿಡಿ ಅಮ್ಮಾ, ಕಳಿಸ್ತೀನಿ" ಎಂದು ನಗುತ್ತಿದ್ದ. ನಿವೃತ್ತಿಯಾದ ಮೇಲೆ ಮೈಕು ಹೋಯಿತು, ಮಾತು ಉಳಿಯಿತು. ಕೇಳುವವರು ಇಲ್ಲದಿದ್ದರೆ ಕುಕ್ಕರಿನ ಜೊತೆಗಾದರೂ ಎರಡು ಮಾತಾಡಿಯೇ ಮುಂದಿನ ಕೆಲಸ.

ಅಂಥವಳ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಅದನ್ನು ನೆನೆದು ಯಾರಾದರೂ "ಅಯ್ಯೋ ಪಾಪ" ಎಂದರೆ ಮೈಕಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಪಾಪ ಅನ್ನಿಸಿಕೊಳ್ಳುವಂಥ ಹುಡುಗಿಯೂ ಅಲ್ಲ ಅವಳು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕಡೆ ಕೆಲಸಕ್ಕಿದ್ದಳು. ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಅಕ್ಕಪಕ್ಕ ತಿರುಗಿಸಿ ನೋಡಿ, ಕೂದಲೆಳೆಯಷ್ಟು ಸರಿಸಿ ಮತ್ತೆ ಕೂರಿಸುವ ಕೆಲಸ. ಅವಳ ಕೈಗೆ ಬಂದ ಬಾಯಿ ಅಗಿಯುವಾಗ ನೋಯುವುದಿಲ್ಲ ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಮರದ ಸಾಮಾನುಗಳಿಗೆ ಪಾಲಿಶ್ ಹಾಕುವವನೊಬ್ಬನನ್ನು ತಾನೇ ಮೆಚ್ಚಿ ಮದುವೆಯಾಗಿದ್ದಳು. ಅವನಿಗೂ ಕಿವಿ ಕೇಳಿಸದು. ಅಳಿಯನ ಅಂಗಿಯಿಂದ ಸದಾ ಬರುವ ವಾರ್ನಿಶ್ ವಾಸನೆಯೊಂದನ್ನು ಬಿಟ್ಟರೆ ಮೈಕಮ್ಮನಿಗೆ ಅವನ ಮೇಲೆ ಯಾವ ದೂರೂ ಇರಲಿಲ್ಲ.

ಆದರೆ ಮಗಳ ಜೊತೆ ಮಾತು ಎನ್ನುವುದು ಇದ್ದದ್ದು ಅಷ್ಟಕ್ಕಷ್ಟೇ. ಮಗಳು ಚಿಕ್ಕವಳಿದ್ದಾಗ ಶಾಲೆಯ ದೊಡ್ಡ ಟೀಚರು ಮೈಕಮ್ಮನನ್ನು ಕೂರಿಸಿ ಹೇಳಿದ್ದರು: "ಮನೇಲಿ ಕೈಸನ್ನೆ ಬೇಡ. ಕೈ ಚುರುಕಾದರೆ ನಾಲಿಗೆ ಸೋಮಾರಿಯಾಗುತ್ತೆ." ಅಂದಿನ ಕಾಲಕ್ಕೆ ಎಲ್ಲರೂ ನಂಬಿದ್ದ ಮಾತು ಅದು. ಮೈಕಮ್ಮನೂ ನಂಬಿದಳು. ಮುಂದೆ ಹಾಸ್ಟೆಲಿಗೆ ಸೇರಿದ ಮಗಳು ಅಲ್ಲಿ ಗೆಳತಿಯರಿಂದ ಕೈಮಾತು ಕಲಿತಳು, ಬೆಳೆದಳು. ಮನೆಗೆ ಬಂದರೆ ಅಮ್ಮನ ತುಟಿ ಓದಿ ಅರ್ಧ ತಿಳಿದುಕೊಳ್ಳುತ್ತಿದ್ದಳು. ಉಳಿದರ್ಧ ಫೋನಿನಲ್ಲಿ ಮೆಸೇಜು. 'ಹಾಲು ತಾ.' 'ಬಸ್ಸು ತಪ್ಪಿತು.' 'ಮಾತ್ರೆ ತಗೊಂಡೆಯಾ?' ತಾಯಿ ಮಗಳ ನಡುವಿನ ಮಾತೆಲ್ಲ ಸಾಮಾನು ಪಟ್ಟಿಯ ಹಾಗೆ ಗಿಡ್ಡ.

ಇದರ ಜೊತೆಗೆ ಮೈಕಮ್ಮನ ಮನಸ್ಸಿನಲ್ಲಿ ಸಣ್ಣ ಮುಳ್ಳೊಂದು ಮುರಿದುಕೊಂಡಿತ್ತು. ಅವಳು ಮಗಳ ಮನೆಯ ಬಾಗಿಲಿಗೆ ಬಂದು ಗುಂಡಿ ಒತ್ತಿದರೆ ಒಳಗೆ ಗಂಟೆಯ ಬದಲು ದೀಪ ಮಿಣುಕುತ್ತಿತ್ತು. ಬಾಗಿಲು ತೆರೆದ ಅಳಿಯ ಒಳಗೆ ತಿರುಗಿ ಅಂಗೈಯನ್ನು ಗಂಟಲಿಗೆ ಒತ್ತಿ ತೋರಿಸುತ್ತಿದ್ದ. ಮಗಳು ಬಾಗಿಲು ತೆರೆದರೆ ಅವಳೂ ಹಾಗೆಯೇ. ಇಬ್ಬರೂ ನಗುತ್ತಿದ್ದರು. ಬಂತು ನೋಡು ಗಂಟಲು, ಇನ್ನು ಬಾಯಿ ಮುಚ್ಚುವುದಿಲ್ಲ, ಎನ್ನುತ್ತಿದ್ದಾರೆ ಎಂದು ಮೈಕಮ್ಮ ಅರ್ಥ ಮಾಡಿಕೊಂಡಿದ್ದಳು. ಬಾಯಿಬಡುಕಿ ಎಂದು ಊರೇ ಅಂದಾಗ ನಕ್ಕವಳು. ಆದರೂ ಹೆತ್ತ ಮಗಳೇ ಅಂದರೆ ಬೇರೆ. ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದಳು.

ಹೀಗಿರುವಾಗ ಹೆಣ್ಣುಮಗು ಹುಟ್ಟಿತು. ಕೆನ್ನೆ ನೋಡಿ ಅಜ್ಜಿಯೇ ಗುಂಡು ಎಂದು ಕರೆದಳು, ಅದೇ ನಿಂತಿತು. ಆಸ್ಪತ್ರೆಯಲ್ಲಿ ಯಂತ್ರ ಇಟ್ಟು ನೋಡಿ, ಮಗುವಿನ ಕಿವಿ ಚೆನ್ನಾಗಿದೆ ಎಂದರು. ಮೈಕಮ್ಮನ ಅಕ್ಕ ತೊಟ್ಟಿಲು ತೂಗಲು ಬಂದವಳು ತೂಗುತ್ತಲೇ ರಾಗ ತೆಗೆದಳು.

"ಕಿವಿ ಇದ್ದು ಏನು ಬಂತೇ? ಅಪ್ಪ ಅಮ್ಮ ಇಬ್ಬರೂ ಬಾಯಿಬಿಡದ ಮನೇಲಿ ಮಗು ಮಾತು ಎಲ್ಲಿಂದ ಕಲಿಯುತ್ತೆ? ನೀನೇ ಕರ್ಕೊಂಡ್ಹೋಗಿ ಇಟ್ಕೋ."

"ಸುಮ್ನಿರೇ ಅಕ್ಕ, ನಾನಿಲ್ವಾ? ಮೂರು ಮಗುಗೆ ಆಗೋವಷ್ಟು ಮಾತು ನನ್ನೊಬ್ಬಳ ಹತ್ರಾನೇ ಇದೆ" ಎಂದಳು ಮೈಕಮ್ಮ. ಎಂದಳೇನೋ ಸರಿ, ಹುಳು ಮಾತ್ರ ತಲೆಗೆ ಹೊಕ್ಕಿತು.

ಮಗಳು ಕೆಲಸಕ್ಕೆ ಮರಳಿದ ಮೇಲೆ ಮೈಕಮ್ಮ ದಿನಾ ಬೆಳಗ್ಗೆ ಬಂದು ಮಗುವನ್ನು ನೋಡಿಕೊಳ್ಳತೊಡಗಿದಳು. ಮನೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಹೊಲಿಗೆ ಯಂತ್ರದ ಸದ್ದು, ಮೇಲೆ ಅಜ್ಜಿಯ ಸದ್ದು. "ಗಮನಿಸಿ, ಗಮನಿಸಿ. ಗುಂಡು ಅವರ ಗಂಜಿ ಇನ್ನೇನು ಬರಲಿದೆ. ದಯವಿಟ್ಟು ಬಾಯಿ ತೆರೆದು ಸಹಕರಿಸಬೇಕು" ಎಂದು ಅವಳು ಹೇಳಿದರೆ ಗುಂಡು ಕೇಕೆ ಹಾಕುತ್ತಿತ್ತು. "ಬಬಬ" ಎನ್ನುತ್ತಿತ್ತು, "ದದ" ಎನ್ನುತ್ತಿತ್ತು.

ಅದೇ ಮನೆಗೆ ವಾರಕ್ಕೊಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಬರುತ್ತಿದ್ದಳು. ಪುಟ್ಟ ಮಕ್ಕಳು ಮಾತು ಕಲಿಯುವುದನ್ನು ಅಧ್ಯಯನ ಮಾಡುವುದು ಅವಳ ಓದು. ಕಿವಿ ಕೇಳಿಸದ ಅಪ್ಪ ಅಮ್ಮನಿಗೆ ಹುಟ್ಟಿದ, ಕಿವಿ ಕೇಳಿಸುವ ಮಗು ಹೇಗೆ ಕಲಿಯುತ್ತದೆ ಎಂದು ನೋಡಲು, ಗುಂಡು ಆರು ತಿಂಗಳಿದ್ದಾಗಲೇ ಅಪ್ಪ ಅಮ್ಮನ ಒಪ್ಪಿಗೆ ಪಡೆದಿದ್ದಳು. ಕೈಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು. ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ಅದರ ಪಕ್ಕ ತಾನೂ ಕುರ್ಚಿಯಂತೆ ಸುಮ್ಮನೆ ಕೂರುತ್ತಿದ್ದಳು.

"ನೋಡೋದೇ ನಿನ್ನ ಕೆಲಸವಾ?" ಎಂದು ಮೊದಲ ದಿನ ಮೈಕಮ್ಮ ಕೇಳಿದ್ದಳು.

"ಹೌದಮ್ಮ. ನೋಡೋದು, ಆಮೇಲೆ ಮತ್ತೆ ಮತ್ತೆ ನೋಡೋದು."

"ಚೆನ್ನಾಯ್ತು. ನಾನು ಮಾತಾಡಿ ಅನ್ನ ತಿಂದೆ, ನೀನು ಮಾತಾಡದೆ ತಿಂತೀಯ."

ಹುಡುಗಿ ನಕ್ಕಳು. ಅಂದಿನಿಂದ ಅವಳಿಗಾಗಿ ಒಂದು ಲೋಟ ಟೀ ಹೆಚ್ಚು ಇಡುವುದು ಮೈಕಮ್ಮನಿಗೆ ರೂಢಿಯಾಯಿತು.

ವರ್ಷ ತುಂಬಿತು. ಕೆಳಗಿನ ಟೈಲರನ ಮೊಮ್ಮಗ, ಗುಂಡುವಿಗಿಂತ ಚಿಕ್ಕವನು, "ತಾತ" ಎಂದ. ಗುಂಡು ಏನೂ ಅನ್ನಲಿಲ್ಲ. ಲಸಿಕೆ ಹಾಕಿಸಲು ಹೋದಾಗ ನರ್ಸಮ್ಮ ಕಾರ್ಡು ಬರೆಯುತ್ತಾ, "ಮಗು ಏನೇನು ಮಾತಾಡುತ್ತೆ?" ಎಂದು ಕೇಳಿದಳು. ಎಂದೂ ಮಾತಿಗೆ ತಡಕಾಡದ ಮೈಕಮ್ಮನ ಬಾಯಿ ಅಂದು ಕಟ್ಟಿತು. "ಇನ್ನೂ ಟೈಮಿದೆ ಬಿಡಿ" ಎಂದು ನರ್ಸಮ್ಮ ಹೇಳಿದ್ದು ಅವಳ ಕಿವಿಗೆ ಹೋಗಲೇ ಇಲ್ಲ.

ಅಂದು ಸಂಜೆ ಮಗಳಿಗೆ ಮೆಸೇಜು ಬರೆದಳು: 'ಗುಂಡು ಸ್ವಲ್ಪ ದಿನ ನನ್ನ ಮನೆಯಲ್ಲೇ ಇರಲಿ. ರಾತ್ರಿಯೂ. ನಾಲ್ಕು ಜನರ ಮಾತು ಕಿವಿಗೆ ಬೀಳಲಿ.'

ಎದುರಿಗೇ ಕೂತಿದ್ದ ಮಗಳು ಓದಿದಳು. ಮುಖ ಕಪ್ಪಿಟ್ಟಿತು. ಉತ್ತರ ಒಂದೇ ಪದ: 'ಬೇಡ.' ಎದ್ದು ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೈಕಮ್ಮ ಹೊರಗಿನಿಂದಲೇ ಹೇಳಿದಳು, "ನಿನ್ನ ಒಳ್ಳೇದಕ್ಕೇ ಅಲ್ವೇನೇ?" ಹೇಳಿದ ಮೇಲೆ, ಯಾರಿಗೆ ಹೇಳಿದೆ ಎಂದು ತಾನೇ ನಾಚಿಕೊಂಡು ಚೀಲ ಎತ್ತಿಕೊಂಡು ಹೊರಟಳು.

ಮುಂದಿನ ದಿನಗಳಲ್ಲಿ ಮಗಳು ಅಮ್ಮನ ಮುಖ ನೋಡದೆ ಕೆಲಸಕ್ಕೆ ಹೋಗಿ, ನೋಡದೆ ಬಂದಳು. ಮುಖ ನೋಡದಿದ್ದರೆ ತುಟಿ ಓದುವುದು ಎಲ್ಲಿಂದ? ಇದ್ದ ಅರ್ಧ ಮಾತೂ ನಿಂತಿತು. ಕಾಲೇಜಿನ ಹುಡುಗಿ ಬಂದ ದಿನ ಮೈಕಮ್ಮ ತಡೆಯಲಾರದೆ ಎಲ್ಲ ಹೇಳಿಕೊಂಡಳು.

"ನೀನು ಓದಿದವಳು, ನಿನ್ನ ಮಾತು ಅವಳು ಕೇಳ್ತಾಳೆ. ಮಗೂನ ಅಜ್ಜಿ ಹತ್ರ ಬಿಡು ಅಂತ ನೀನಾದ್ರೂ ಹೇಳಮ್ಮ."

ಹುಡುಗಿ ಟೀ ಲೋಟ ಕೆಳಗಿಟ್ಟಳು. "ಹೀಗೆ ಬೆಳೆಸಿ, ಹಾಗೆ ಬೆಳೆಸಿ ಅಂತ ನಾನು ಹೇಳೋ ಹಾಗಿಲ್ಲಮ್ಮ. ಆದ್ರೆ ನಾನು ನೋಡಿದ್ದನ್ನ ನಿಮಗೆ ತೋರಿಸ್ಬೋದು. ನಿಮ್ಮ ಮಗಳು ಬರ್ಲಿ, ಅವರನ್ನ ಕೇಳ್ತೀನಿ."

ಮಗಳು ಮಧ್ಯಾಹ್ನ ಬಂದಳು. ಹುಡುಗಿಯ ಕೈಗಳೂ ಮಗಳ ಕೈಗಳೂ ಮಾತಾಡಿದವು. ಕೊನೆಗೆ ಮಗಳು ಗುಂಡುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮನಿಂದ ಒಂದು ಮಾರು ದೂರದಲ್ಲಿ ಚಾಪೆಯ ಮೇಲೆ ಕುಳಿತಳು. ಹುಡುಗಿ ಲ್ಯಾಪ್‌ಟಾಪ್ ತೆರೆದಳು.

ಪರದೆಯ ಮೇಲೆ ಏಳೆಂಟು ತಿಂಗಳ ಗುಂಡು ಬೆನ್ನ ಮೇಲೆ ಮಲಗಿತ್ತು. ಹಿನ್ನೆಲೆಯಲ್ಲಿ ಮೈಕಮ್ಮನದೇ ದನಿ: ಪಾತ್ರೆ ತೊಳೆಯುತ್ತಾ, ಬೆಲೆ ಏರಿದ್ದಕ್ಕೆ ಬೈಯುತ್ತಾ, ಮಧ್ಯೆ ಮಗುವನ್ನು ಮುದ್ದಿಸುತ್ತಾ.

"ಇದೇನು, ಉದ್ದಕ್ಕೂ ನಾನೇ ಇದ್ದೀನಲ್ಲ!"

"ಎಲ್ಲಾ ವಿಡಿಯೋದಲ್ಲೂ ನೀವೇ ಇರೋದಮ್ಮ" ಎಂದಳು ಹುಡುಗಿ, ನಗು ತಡೆದುಕೊಂಡು.

"ಹಾಗಾದ್ರೆ ಮೊದಲು ಅವಳ ಬಾಯಿ ಮುಚ್ಚಿಸು. ಮಗೂನ ನೋಡೋಕೇ ಬಿಡ್ತಿಲ್ಲ."

ಹುಡುಗಿ ಸದ್ದು ಆರಿಸಿದಳು. ಮೈಕಮ್ಮ ಮೊದಲ ಬಾರಿಗೆ ಆ ಮನೆಯನ್ನು ಮಗಳು ನೋಡುವ ಹಾಗೆ ನೋಡಿದಳು. ಕೋಣೆಯಲ್ಲಿ ಬಿಸಿಲಿತ್ತು. ಮಗುವಿನ ಎರಡು ಕೈಗಳು ಎದೆಯ ಮುಂದೆ ಎದ್ದು, ನಿಧಾನವಾಗಿ ಬಿಚ್ಚಿ ಮುಚ್ಚಿ, ಮತ್ತೆ ಬಿಚ್ಚಿ ಮುಚ್ಚಿ, ಒಂದು ಲಯದಲ್ಲಿ ಆಡುತ್ತಿದ್ದವು.

"ಏನು ಕಾಣ್ತಿದೆ?"

"ಕೈ ಆಡಿಸ್ತಿದೆ. ಎಲ್ಲಾ ಮಕ್ಕಳೂ ಆಡಿಸುತ್ವೆ."

"ಈಗ ಇದನ್ನ ನೋಡಿ." ಹುಡುಗಿ ಇನ್ನೊಂದು ಮಗುವನ್ನು ತೋರಿಸಿದಳು. ಅಪ್ಪ ಅಮ್ಮನಿಗೆ ಕಿವಿ ಕೇಳಿಸುವ ಮನೆಯದು, ಹೀಗೆ ತೋರಿಸಲು ಒಪ್ಪಿಗೆ ಕೊಟ್ಟವರದು. ಆ ಮಗು ಕೈಕಾಲು ಪಟಪಟ ಬಡಿಯುತ್ತಿತ್ತು, ಕೋಳಿಮರಿ ರೆಕ್ಕೆ ಬಡಿದ ಹಾಗೆ. ಮತ್ತೆ ಗುಂಡು. ಮತ್ತೆ ಆ ಮಗು. ಮೂರನೆಯ ಸಲಕ್ಕೆ ಮೈಕಮ್ಮ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದಳು.

"ನಮ್ಮದು ಬಡೀತಿಲ್ಲ. ಏನೋ... ಏನೋ ಹೇಳೋ ಹಾಗಿದೆ."

"ಹಾಗೇ ಅಮ್ಮ. 'ಬಬಬ' ಅಂತ ಬಾಯಲ್ಲಿ ತೊದಲ್ತಾವಲ್ಲ, ಅದು ಮಾತಲ್ಲ, ಮಾತಿನ ಅಭ್ಯಾಸ. ಗುಂಡು ಕೈಯಲ್ಲೂ ಅದನ್ನೇ ಮಾಡ್ತಿದೆ. ಮನೇಲಿ ಕಂಡ ಮಾತನ್ನ ಕೈಯಲ್ಲಿ ತೊದಲ್ತಿದೆ. ನಿಮ್ಮಿಂದ ಕೇಳಿದ್ದನ್ನ ಬಾಯಲ್ಲಿ. ಎರಡೂ ನಡೀತಿದೆ."

ಹುಡುಗಿ ಮುಂದುವರಿದಳು. "ಇನ್ನೊಂದಿದೆ. ಇದು ಹೋದ ತಿಂಗಳದು."

ಬಾಗಿಲ ಬಳಿಯ ದೀಪ ಮಿಣುಕಿತು. ಚಾಪೆಯ ಮೇಲಿದ್ದ ಗುಂಡು ಬಾಗಿಲ ಕಡೆ ತಿರುಗಿ, ಮುಷ್ಟಿಯನ್ನು ಗದ್ದಕ್ಕೆ ಒತ್ತಿಕೊಂಡಿತು. ಪರದೆಯೊಳಗೆ ಮೈಕಮ್ಮ ಚಪ್ಪಲಿ ಬಿಡುತ್ತಾ ಬಂದಳು.

"ಹಲ್ಲು ಬರ್ತಿತ್ತು ಆಗ. ಗದ್ದ ತುರಿಸ್ಕೊಳ್ತಿದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ಸಲ ಆದ್ರೆ ನಾವು ಲೆಕ್ಕಕ್ಕೆ ತಗೊಳ್ಳಲ್ಲ." ಹುಡುಗಿ ಒಂದರ ಹಿಂದೊಂದು ತುಣುಕು ತೋರಿಸಿದಳು. ಮೈಕಮ್ಮ ಬಂದಾಗ ಮುಷ್ಟಿ ಗದ್ದಕ್ಕೆ. ಮೈಕಮ್ಮ ಅಂಗಡಿಗೆ ಹೋಗಿದ್ದಾಗ, ಗೂಟದಲ್ಲಿದ್ದ ಅವಳ ಚೀಲ ನೋಡಿ ಮುಷ್ಟಿ ಗದ್ದಕ್ಕೆ. ಅಪ್ಪನ ಫೋನಿನಲ್ಲಿ ಅವಳ ಫೋಟೋ ಕಂಡಾಗ ಮತ್ತೆ ಅದೇ. ಟೈಲರ್ ಬಂದಾಗ ಇಲ್ಲ. ಮೈಕಮ್ಮನ ಅಕ್ಕನಿಗೆ ಇಲ್ಲ. ಬೆಕ್ಕಿಗೆ ಇಲ್ಲ.

"ಒಂದೇ ಆಕಾರ, ಒಂದೇ ಅರ್ಥ. ಆ ಹೊತ್ತಿಗೆ ಯಾರೂ ಮಾಡಿ ತೋರಿಸದೇ ತಾನಾಗೇ ಬರ್ತಿದೆ. ಅಂದ್ರೆ ಅದು ಮಾತು. ಗುಂಡೂದು ಮೊದಲನೇ ಮಾತು."

"ಏನು ಮಾತು ಅದು?"

ಹುಡುಗಿ ಮಗಳ ಕಡೆ ನೋಡಿದಳು. ಮಗಳು ನಿಧಾನವಾಗಿ ಅಂಗೈ ಎತ್ತಿ ತನ್ನ ಗಂಟಲ ಮೇಲೆ ಇಟ್ಟುಕೊಂಡಳು.

"ದೊಡ್ಡೋರು ಮಾಡಿದ್ರೆ ಹೀಗೆ. ಅಷ್ಟು ಚಿಕ್ಕ ಕೈಗೆ ಅಂಗೈ ಚಪ್ಪಟೆ ಮಾಡಿ ಗಂಟಲಿಗೆ ಗುರಿ ಇಡೋಕೆ ಬರಲ್ಲ. 'ಅಜ್ಜಿ' ಅನ್ನೋಕೆ ಬರದೆ 'ಅದಿ' ಅಂತಾವಲ್ಲ, ಹಾಗೆ" ಎಂದಳು ಹುಡುಗಿ.

ಮೈಕಮ್ಮ ಮಗಳನ್ನೂ ಹುಡುಗಿಯನ್ನೂ ನೋಡಿದಳು. "ಅದು ನನ್ನ ಬೈಯೋದಲ್ವಾ? ಬಾಯಿಬಡುಕಿ ಬಂದಳು ಅಂತ?"

"ಬೈಯೋದಾ?" ಹುಡುಗಿಗೆ ಆಶ್ಚರ್ಯ. "ಅದು ನಿಮ್ಮ ಹೆಸರಮ್ಮ. ಕೈಮಾತಲ್ಲಿ ಒಬ್ಬೊಬ್ಬರಿಗೂ ಒಂದು ಹೆಸರಿರುತ್ತೆ."

ಮಗಳು ಏನು ನಡೆಯುತ್ತಿದೆ ಎಂದು ಕೇಳಿದಳು, ಹುಡುಗಿ ತಿಳಿಸಿದಳು. ಮಗಳ ಹುಬ್ಬು ಮೇಲೆ ಹೋಯಿತು. ಮಗುವನ್ನು ಪಕ್ಕಕ್ಕೆ ಕೂರಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಹೇಳತೊಡಗಿದಳು. ಹುಡುಗಿ ಅವಳ ಕೈಗೆ ಬಾಯಿಯಾದಳು.

"ಹಾಸ್ಟೆಲಲ್ಲಿ ಎಲ್ಲರೂ ಅವರವರ ಅಮ್ಮನಿಗೆ ಹೆಸರಿಟ್ವಿ. ಒಬ್ಬಳಮ್ಮ ಉದ್ದ ಜಡೆ, ಒಬ್ಬಳಮ್ಮ ಮೂಗುಬೊಟ್ಟು. ನಂಗೆ ಯೋಚನೆ ಮಾಡೋದೇ ಬೇಕಾಗಿರ್ಲಿಲ್ಲ. ನೀನು ಡ್ಯೂಟಿ ಮುಗಿಸಿ ಬಂದು ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು, ನನ್ನ ಕೈನ ನಿನ್ನ ಗಂಟಲ ಮೇಲೆ ಇಟ್ಕೋತಿದ್ದೆ. ಅಭ್ಯಾಸ ಮಾಡಿಸ್ತಿದ್ದೆ. ನೆನಪಿದೆಯಾ?"

ನೆನಪಿಲ್ಲದೆ ಏನು? ಟೀಚರು ಹೇಳಿಕೊಟ್ಟ ಪಾಠ ಅದು. 'ಮ' ಎಂದರೆ ಹೀಗೆ ನಡುಗುತ್ತದೆ, 'ಪ' ಎಂದರೆ ನಡುಗುವುದಿಲ್ಲ. ಎಷ್ಟು ಸಂಜೆ ಅದರಲ್ಲೇ ಕಳೆದಿತ್ತು, ಕೊನೆಗೆ ಬಂದದ್ದು ನಾಲ್ಕಾರು ಒಡೆದ ಪದ. ದಂಡವಾಯಿತು ಎಂದೇ ಮೈಕಮ್ಮ ತಿಳಿದಿದ್ದಳು.

"ನಂಗೆ ಮಾತು ಬರ್ಲಿಲ್ಲ" ಎಂದವು ಮಗಳ ಕೈಗಳು. "ಆದ್ರೆ ನೀನು ಮಾತಾಡ್ತಿದ್ದೆ, ನನ್ನ ಕೈ ಬೆಚ್ಚಗೆ ನಡುಗ್ತಿತ್ತು. ಕೆಲವು ದಿನ ಪಾಠ ಬಿಟ್ಟು ನೀನು ಏನೇನೋ ಹೇಳ್ತಾನೇ ಇರ್ತಿದ್ದೆ. ಆಗ ಇನ್ನೂ ಚೆನ್ನಾಗಿರ್ತಿತ್ತು. ಸ್ಟೇಷನ್ನಲ್ಲಿ ನಿನ್ನ ದನಿನ ಊರೋರೆಲ್ಲ ಕೇಳ್ತಾರೆ ಅಂತ ಗೊತ್ತಿತ್ತು. ಕೈಯಲ್ಲಿ ಹಿಡ್ಕೊಂಡೋಳು ನಾನೊಬ್ಬಳೇ."

ಮೈಕಮ್ಮ ಎದ್ದು ಅಡುಗೆಮನೆಗೆ ಹೋದಳು. ತೊಳೆದಿಟ್ಟಿದ್ದ ಲೋಟಗಳನ್ನೇ ಇನ್ನೊಮ್ಮೆ ತೊಳೆದಳು. ನಲ್ಲಿಯ ನೀರು ಸುಮಾರು ಹೊತ್ತು ಹರಿಯಿತು. ಮಗಳು ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿ, ಅಮ್ಮನ ಒದ್ದೆ ಕೈಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಹಿಂದೆಯೇ ಗುಂಡು ಅಂಬೆಗಾಲಿಟ್ಟು ಬಂದು, ಇಬ್ಬರ ಕಾಲುಗಳ ನಡುವೆ ಕೂತು ಸೆರಗಿನ ತುದಿ ಎಳೆಯಿತು.

ಕಣ್ಣೊರೆಸಿಕೊಂಡು ಬಂದ ಮೈಕಮ್ಮ ಹುಡುಗಿಯನ್ನು ಕೇಳಿದಳು. "ನನ್ನ ವಯಸ್ಸಿಗೆ ಇದು ಬರುತ್ತೇನಮ್ಮ?"

ಪ್ರಶ್ನೆ ಹುಡುಗಿಗೆ. ಆದರೆ ತುಟಿ ಓದಿದ ಮಗಳೇ ತಲೆಯಾಡಿಸಿ, ತನ್ನ ಎದೆ ಮುಟ್ಟಿ ತೋರಿಸಿದಳು: ನಾನು ಕಲಿಸ್ತೀನಿ.

ಹೀಗೆ ಅಜ್ಜಿ ಮೊಮ್ಮಗಳು ಒಂದೇ ತರಗತಿಗೆ ಸೇರಿದರು. ಗುಂಡು ಜಾಣ ವಿದ್ಯಾರ್ಥಿ, ಮೈಕಮ್ಮ ಹಿಂದಿನ ಬೆಂಚು. ಬೆರಳು ಬಾಗಿಸಬೇಕಾದಲ್ಲಿ ಅವಳ ಮೊಣಕೈಯೇ ಆಡುತ್ತಿತ್ತು. "ಪುಟ್ಟ ಮಕ್ಕಳೂ ಹೀಗೇ ಮಾಡೋದಮ್ಮ, ಬೆರಳ ಕೆಲಸನ ತೋಳಿಂದ ಮಾಡ್ತಾವೆ" ಎಂದು ಹುಡುಗಿ ಸಮಾಧಾನ ಹೇಳಿದಳು. "ಸದ್ಯ, ಕೈಗಾದ್ರೂ ಎಳೇ ವಯಸ್ಸು ಬಂತಲ್ಲ" ಎಂದಳು ಮೈಕಮ್ಮ. ಒಂದು ದಿನ ಅಳಿಯನಿಗೆ 'ನನಗೆ ಹಸಿವಾಗಿದೆ' ಎನ್ನಲು ಹೋಗಿ 'ನನಗೆ ಮದುವೆಯಾಗಬೇಕು' ಎಂದುಬಿಟ್ಟಳು. ಅಳಿಯ ಗಂಭೀರವಾಗಿ, 'ವರ ಹುಡುಕ್ತೀನಿ, ಅಲ್ಲೀವರೆಗೂ ಅನ್ನ ತಿನ್ನಿ' ಎಂದು ಉತ್ತರ ಕೊಟ್ಟ. ಅರ್ಥವಾದ ಮೇಲೆ ಮೈಕಮ್ಮ ನಕ್ಕ ನಗೆಗೆ ಕೆಳಗಿನ ಹೊಲಿಗೆ ಯಂತ್ರ ನಿಂತಿತು. ಅಳಿಯ ಇಷ್ಟು ತಮಾಷೆಯ ಮನುಷ್ಯ ಎಂದು ಅವಳಿಗೆ ತಿಳಿದದ್ದೇ ಅಂದು.

ಬಾಯಿಮಾತೂ ಬಂತು, ಅದರ ಪಾಡಿಗೆ ಅದು. ಗುಂಡು ಹಾಲು ಬೇಕೆಂದರೆ ಅಪ್ಪನ ಕಡೆ ತಿರುಗಿ ಮುಷ್ಟಿ ಹಿಂಡಿ ತೋರಿಸುತ್ತಿತ್ತು. ಅಜ್ಜಿಯ ಕಡೆ ತಿರುಗಿ "ಆಲೂ" ಎನ್ನುತ್ತಿತ್ತು. ಯಾರಿಗೆ ಯಾವುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಕ್ಯಾಮೆರಾದಲ್ಲಿ ಹಿಡಿದ ದಿನ ಹುಡುಗಿ, ಕುರ್ಚಿಯಂತೆ ಕೂರುವುದನ್ನು ಮರೆತು ಚಪ್ಪಾಳೆ ತಟ್ಟಿದಳು. ಅಕ್ಕ ಬಂದು ನೋಡಿ, "ನಮ್ಮ ಮನೆ ಮಕ್ಕಳಿಗೆ ಒಂದೇ ಮಾತು, ಇದಕ್ಕೆ ಎರಡಾ!" ಎಂದು ಮೂಗಿನ ಮೇಲೆ ಬೆರಳಿಟ್ಟಳು.

ಮೈಕಮ್ಮನಿಗೆ ಆ ಹುಡುಗಿಯ ಋಣ ಹೇಗೆ ತೀರಿಸಬೇಕೆಂದೇ ತಿಳಿಯಲಿಲ್ಲ. ಒಮ್ಮೆ ಹೇಳಿಯೂ ಬಿಟ್ಟಳು.

"ನಾನೇನೂ ಮಾಡ್ಲಿಲ್ಲ ಅಮ್ಮ. ಸುಮ್ನೆ ನೋಡಿದೆ ಅಷ್ಟೆ."

"ಅಷ್ಟೆ ಅಂತ ಅನ್ಬೇಡ ಮಗಳೇ" ಎಂದಳು ಮೈಕಮ್ಮ. "ನಾನೂ ದಿನಾ ಇದೇ ಮನೇಲಿದ್ದೆ. ಮಗೂನ ಮುದ್ದಾಡಿದೆ, ತಿನ್ನಿಸಿದೆ, ಮಲಗಿಸಿದೆ. ಅದು ನನ್ನ ಹೆಸರು ಕರೀತಿದ್ರೆ ನಂಗೆ ಕಾಣ್ಲಿಲ್ಲ. ನೀನು ನೋಡಿ, ನಂಗೂ ನೋಡೋಕೆ ಕಲಿಸಿದೆ. ನೀನು ತಣ್ಣಗಿರು." ಅವಳ ತಲೆ ಸವರಿದಳು. ಮಾತಿಗೆ ಬರವಿಲ್ಲದವಳಿಗೆ ಅಂದು ಅಷ್ಟೇ ಸಾಕೆನ್ನಿಸಿತು.

ಚಳಿ ಹಿಡಿದ ಒಂದು ಬೆಳಗ್ಗೆ, ಮಗಳಿಗೆ ರಜೆ. ಆಗಷ್ಟೇ ನಡೆಯಲು ಕಲಿತಿದ್ದ ಗುಂಡುವಿಗೆ ಮೈಕಮ್ಮ ಕಾಲುಚೀಲ ಹಾಕಿದಳು. ಮಗಳು ಬಂದು ಬಿಚ್ಚಿದಳು. ಮೈಕಮ್ಮ ಮತ್ತೆ ಹಾಕಲು ಹೋದಳು.

'ಬೇಡ' ಎಂದಳು ಮಗಳು ಕೈಯಲ್ಲಿ. 'ಬರಿಗಾಲಲ್ಲಿ ನಡೀಲಿ. ಕಾಲುಚೀಲ ಹಾಕಿದ್ರೆ ಜಾರುತ್ತೆ.'

'ನೆಲ ಮಂಜುಗಡ್ಡೆ ಆಗಿದೆ. ನೆಗಡಿ ಬರುತ್ತೆ.'

'ಕಾಲಿಂದ ನೆಗಡಿ ಬರಲ್ಲ.'

'ನಿನ್ನ ಸಾಕಿದ್ದು ನಾನು. ನಂಗೆ ಗೊತ್ತು.'

'ನಂಗೆ ಬೇಕಾದಷ್ಟು ನೆಗಡಿ ಬರ್ತಿತ್ತು, ಕಾಲುಚೀಲ ಹಾಕಿದ್ರೂನೂ!'

ಮೈಕಮ್ಮ ತಿರುಗೇಟು ಕೊಡಲು ಹೊರಟಳು. ಕೈಯಲ್ಲಿ ಕಾಲುಚೀಲ. ಅದನ್ನು ಹಿಡಿದುಕೊಂಡು ಬೈಯುವುದು ಹೇಗೆ? ಸಿಟ್ಟಿನಿಂದ ಎಸೆದು ಎರಡೂ ಕೈ ಎತ್ತಿದಳು. ಮಗಳದಿನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಇವಳ ಕೈ ನಡುವೆ ನುಗ್ಗಿತು. ಮಗಳು ಅಮ್ಮನ ಮಣಿಕಟ್ಟು ಹಿಡಿದು ಕೆಳಗಿಳಿಸಿ, ಕಣ್ಣರಳಿಸಿ ಹೇಳಿದಳು. 'ನೀನು ಯಾವಾಗಲೂ ಹೀಗೇ! ಇನ್ನೊಬ್ಬರ ಮಾತು ಮುಗಿಯೋಕೇ ಬಿಡಲ್ಲ!'

ಮೈಕಮ್ಮ ಹಾಗೇ ನಿಂತುಬಿಟ್ಟಳು. ಈ ದೂರು ಹೊಸದಲ್ಲ. ತೀರಿಕೊಂಡ ಗಂಡ ಜೀವಮಾನವಿಡೀ ಹೇಳಿದ್ದ, ಸ್ಟೇಷನ್ ಮಾಸ್ತರು ಹೇಳಿದ್ದರು, ಅಕ್ಕ ಇಂದಿಗೂ ಹೇಳುತ್ತಾಳೆ. ಮಗಳೊಬ್ಬಳು ಮಾತ್ರ ಹೇಳಿರಲಿಲ್ಲ. ಹೇಳಲು ಇಬ್ಬರ ನಡುವೆ ಅಷ್ಟು ಮಾತು ಯಾವತ್ತು ಇತ್ತು? ಹಾಲು ತಾ ಎಂಬಲ್ಲಿಗೆ ಮುಗಿಯುತ್ತಿದ್ದ ಮಾತಿನಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಇಂದು ತಾಯಿ ಮಗಳು ಕೈತುಂಬ ಜಗಳವಾಡಿದ್ದರು. ಅವಳ ಎದೆ ಹಗುರವಾಗಿ, ದೇವರೇ, ನಿನ್ನ ಪುಣ್ಯ, ಎಂದಿತು.

ಅಮ್ಮನ ಮುಖದಲ್ಲಿ ನಗು ಕಂಡು ಮಗಳಿಗೆ ಇನ್ನಷ್ಟು ಸಿಟ್ಟು. 'ಯಾಕೆ ನಗ್ತೀಯ?'

'ಏನಿಲ್ಲ. ಬೈಯಿ, ಇನ್ನೂ ಸ್ವಲ್ಪ ಬೈಯಿ. ಮುಗಿಯೋವರೆಗೂ ಕೇಳ್ತೀನಿ.'

ಮಗಳು ಕ್ಷಣ ನೋಡಿದಳು. ಅವಳ ಬಾಯಿಯ ಮೂಲೆಯೂ ತಡೆಯಲಾರದೆ ಮೇಲೇರಿತು. ಆದರೂ ಬಿಡಲಿಲ್ಲ, ಕಾಲುಚೀಲದ ವಿಷಯ ಹಿಡಿದು ಮತ್ತೆ ಶುರುಮಾಡಿದಳು. ಮೈಕಮ್ಮ ಮಾತು ಕೊಟ್ಟಂತೆ ಮೂರು ನಿಮಿಷ ತಡೆದಳು, ಆಮೇಲೆ ಆಗಲಿಲ್ಲ. ಗುಂಡು ಬರಿಗಾಲಲ್ಲಿ ಕೋಣೆಯ ನಡುವೆ ನಿಂತು, ಅಜ್ಜಿಯ ಕೈ ಆಡಿದಾಗ ಅಜ್ಜಿಯನ್ನೂ ಅಮ್ಮನ ಕೈ ಆಡಿದಾಗ ಅಮ್ಮನನ್ನೂ ನೋಡುತ್ತಾ, ತಾನೂ ಎರಡು ಕೈ ಎತ್ತಿ ಏನೋ ಒಂದಷ್ಟು ಬೈಯಿತು.

ಅಷ್ಟರಲ್ಲಿ ಅಳಿಯ ವಾರ್ನಿಶ್ ವಾಸನೆಯೊಡನೆ ಒಳಗೆ ಬಂದ. ಏನು ನಡೀತಿದೆ ಎಂದು ಕೇಳಿದ. ಅತ್ತೆಯೂ ಹೆಂಡತಿಯೂ ಒಟ್ಟಿಗೇ ಹೇಳತೊಡಗಿದರು.